ಸಂಘ ಸೇರಿ ಬೆಲೆ ಕಟ್ಟಿದರೆ ತಪ್ಪೇನು? ಆಂಟಿಟ್ರಸ್ಟ್ ಕಾಯ್ದೆ ನಿಜಕ್ಕೂ ಯಾರಿಗಾಗಿ?

ಪ್ರಶ್ನೆ: ಹಾವೇರಿ ಜಿಲ್ಲೆಯಲ್ಲಿ ನನ್ನದೊಂದು ಸಿಮೆಂಟು, ಕಬ್ಬಿಣದ ಅಂಗಡಿ ಇದೆ. ಗೂಗಲ್‌ಗೆ ದಂಡ ಬಿತ್ತು, ಆಂಟಿಟ್ರಸ್ಟ್ ಕೇಸು ಅಂತ ಪೇಪರಿನಲ್ಲಿ ಓದುತ್ತಿರುತ್ತೇನೆ. ಟ್ರಸ್ಟ್ ಅಂದರೆ ನಮಗೆ ಗೊತ್ತಿರುವುದು ದೇವಸ್ಥಾನದ ಟ್ರಸ್ಟು, ಶಾಲೆಯ ಟ್ರಸ್ಟು. ಅದರ ವಿರುದ್ಧ ಯಾಕೆ ಕಾಯ್ದೆ? ಇದು ದೊಡ್ಡ ಕಂಪನಿಗಳಿಂದ ನಮ್ಮಂಥ ಸಣ್ಣವರನ್ನು ಕಾಪಾಡುವ ಕಾಯ್ದೆ ಅಂತ ಕೇಳಿದ್ದೇನೆ. ಹಾಗಿದ್ದರೆ ಮೂರು ವಿಷಯ ತಿಳಿಸಿ. ಸಿಮೆಂಟು ಕಂಪನಿಗಳೆಲ್ಲ ಒಂದೇ ವಾರದಲ್ಲಿ ಚೀಲಕ್ಕೆ ಹತ್ತು, ಹದಿನೈದು ರೂಪಾಯಿ ಏರಿಸುತ್ತವೆ. ಇದು ಸರಿಯಾ? ನಮ್ಮೂರಿಗೆ ಹೊಸದಾಗಿ ಒಂದು ದೊಡ್ಡ ಮಳಿಗೆ ಬಂದಿದೆ. ನಾವು ಕೊಳ್ಳುವ ಬೆಲೆಗಿಂತ ಕಡಿಮೆಗೆ ಮಾರುತ್ತಿದೆ. ಇದನ್ನು ತಡೆಯಬಹುದಾ? ಅದನ್ನು ಎದುರಿಸೋಣ ಅಂತ ನಮ್ಮ ವ್ಯಾಪಾರಸ್ಥರ ಸಂಘದಲ್ಲಿ ಸಭೆ ಸೇರಿ, ಇಂತಿಷ್ಟು ಬೆಲೆಗಿಂತ ಕೆಳಗೆ ಯಾರೂ ಮಾರಬಾರದು ಎಂದು ಠರಾವು ಪಾಸು ಮಾಡಿದ್ದೇವೆ. ಇದಕ್ಕೆ ಕಾಯ್ದೆಯ ಬೆಂಬಲ ಸಿಗುತ್ತದೆಯೇ?

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಕೊನೆಯ ಸಾಲಿಗೆ ಬಂದಾಗ ಸ್ವಲ್ಪ ಗಾಬರಿಯೇ ಆಯಿತು. ಹಾಗಾಗಿ ಅದರ ಉತ್ತರವನ್ನೇ ಮೊದಲು ಹೇಳಿಬಿಡುತ್ತೇನೆ. ಸಿಮೆಂಟು ಕಂಪನಿಗಳು ಮಾಡಿದ್ದು ತಪ್ಪಿರಬಹುದು, ಇಲ್ಲದೆಯೂ ಇರಬಹುದು. ದೊಡ್ಡ ಮಳಿಗೆ ಮಾಡುತ್ತಿರುವುದು ಬಹುಮಟ್ಟಿಗೆ ತಪ್ಪಲ್ಲ. ನೀವು ಹೇಳಿದ ಮೂವರಲ್ಲಿ ಕಾಯ್ದೆಗೆ ನೇರವಾಗಿ ಸಿಕ್ಕಿಬೀಳುವವರು ಯಾರಾದರೂ ಇದ್ದರೆ ಅದು ನಿಮ್ಮ ಸಂಘ. ಅದೂ ಪುಸ್ತಕದಲ್ಲಿ ಬರೆದು, ಸಹಿ ಹಾಕಿ.

ಬೇಸರ ಮಾಡಿಕೊಳ್ಳಬೇಡಿ. ಈ ತಪ್ಪು ತಿಳಿವಳಿಕೆ ನಿಮ್ಮೊಬ್ಬರದಲ್ಲ. ಇದು ಸಣ್ಣವರನ್ನು ಕಾಪಾಡುವ ಕಾಯ್ದೆ ಅಂತಲೇ ಹೆಚ್ಚಿನವರು ಅಂದುಕೊಂಡಿದ್ದಾರೆ. ಯಾಕೆ ಹಾಗಲ್ಲ ಅನ್ನೋದು ತಿಳಿಯಬೇಕಾದರೆ ಆ ಟ್ರಸ್ಟ್ ಎಂಬ ಮಾತಿನಿಂದಲೇ ಹೊರಡಬೇಕು.

ದೇವಸ್ಥಾನದ ಟ್ರಸ್ಟು ಹೇಗೆ ನಡೆಯುತ್ತದೆ ಅಂತ ನಿಮಗೆ ಗೊತ್ತು. ಜಮೀನು, ಒಡವೆ ದೇವರದ್ದು. ನೋಡಿಕೊಳ್ಳುವವರು ಟ್ರಸ್ಟಿಗಳು. ಅಮೆರಿಕದಲ್ಲಿ ಜಾನ್ ರಾಕ್‌ಫೆಲರ್ ಎಂಬ ವ್ಯಾಪಾರಿ ಇದೇ ಏರ್ಪಾಟನ್ನು ಚಿಮಣಿ ಎಣ್ಣೆಯ ವ್ಯಾಪಾರಕ್ಕೆ ತಂದ. ಅವನ ಸ್ಟ್ಯಾಂಡರ್ಡ್ ಆಯಿಲ್ ಕಂಪನಿ 1870ರಲ್ಲಿ ಒಹಾಯೊ ರಾಜ್ಯದಲ್ಲಿ ಶುರುವಾಯಿತು. ಹನ್ನೆರಡು ವರ್ಷದಲ್ಲಿ ಅದರ ಹಿಡಿತಕ್ಕೆ ಸುಮಾರು ನಲವತ್ತು ಕಂಪನಿಗಳು ಬಂದಿದ್ದವು. ಆದರೆ ಬೇರೆ ಬೇರೆ ರಾಜ್ಯಗಳ ಕಂಪನಿಗಳನ್ನು ಒಂದೇ ಕಂಪನಿ ಇಟ್ಟುಕೊಳ್ಳಲು ಆಗ ಕಾನೂನಿನ ತೊಡಕುಗಳಿದ್ದವು. ಅದಕ್ಕೆ 1882ರಲ್ಲಿ ಒಂದು ಉಪಾಯ ಹೂಡಿದರು. ಎಲ್ಲ ಕಂಪನಿಗಳ ಷೇರುದಾರರೂ ತಮ್ಮ ಷೇರುಗಳನ್ನು ಒಂಬತ್ತು ಜನ ಟ್ರಸ್ಟಿಗಳ ಕೈಗೆ ಒಪ್ಪಿಸಿದರು. ಬದಲಿಗೆ ಲಾಭದಲ್ಲಿ ಪಾಲು ಸಿಗುವ ಒಂದು ಪತ್ರ ಪಡೆದರು. ಹೊರಗಿನಿಂದ ನೋಡಿದರೆ ನಲವತ್ತು ಕಂಪನಿ. ಒಳಗೆ ತೀರ್ಮಾನ ಮಾಡುವವರು ಒಂಬತ್ತೇ ಜನ. ಅಮೆರಿಕದಲ್ಲಿ ಶುದ್ಧವಾಗುತ್ತಿದ್ದ ಎಣ್ಣೆಯ ಸುಮಾರು ನೂರಕ್ಕೆ ತೊಂಬತ್ತು ಪಾಲು ಅವರ ಕೈಯಲ್ಲಿ.

ಇದನ್ನು ನೋಡಿ ಸಕ್ಕರೆಯವರೂ ಟ್ರಸ್ಟ್ ಮಾಡಿಕೊಂಡರು, ವಿಸ್ಕಿಯವರೂ ಮಾಡಿಕೊಂಡರು. ಜನರ ಬಾಯಲ್ಲಿ ಟ್ರಸ್ಟ್ ಅನ್ನೋದು ಬೈಗುಳವಾಯಿತು. ಹಾಗಾಗಿ 1890ರ ಜುಲೈ 2ರಂದು ಬಂದ ಶೆರ್ಮನ್ ಕಾಯ್ದೆಗೆ ಆಂಟಿಟ್ರಸ್ಟ್ ಕಾಯ್ದೆ ಎಂಬ ಹೆಸರು ಅಂಟಿಕೊಂಡಿತು. ಸೆನೆಟ್‌ನಲ್ಲಿ ಅದರ ವಿರುದ್ಧ ಬಿದ್ದದ್ದು ಒಂದೇ ಒಂದು ಮತ. ಟ್ರಸ್ಟ್ ಎಂಬ ಏರ್ಪಾಟು ಆಮೇಲೆ ಬೇಗ ಮೂಲೆ ಸೇರಿತು, ಹೆಸರು ಮಾತ್ರ ಉಳಿಯಿತು. ನಿಮ್ಮೂರಿನ ದೇವಸ್ಥಾನಕ್ಕೆ ಇದರಿಂದ ಏನೂ ತೊಂದರೆ ಇಲ್ಲ, ಬಿಡಿ. ನಮ್ಮಲ್ಲಿ ಇದನ್ನು ಸ್ಪರ್ಧಾ ಕಾಯ್ದೆ ಎನ್ನುತ್ತಾರೆ. ಆ ಹೆಸರೇ ಮೇಲು, ಅರ್ಥವಾದರೂ ಆಗುತ್ತದೆ.

ಇಲ್ಲಿ ಒಂದು ವಿಚಿತ್ರ ಇದೆ. ರಾಕ್‌ಫೆಲರನ ಕಾಲದಲ್ಲಿ ಚಿಮಣಿ ಎಣ್ಣೆಯ ಬೆಲೆ ಏರಲಿಲ್ಲ. ಒಟ್ಟಾರೆ ಇಳಿಯುತ್ತಲೇ ಹೋಯಿತು. ಹಾಗಾದರೆ ಜನರ ಸಿಟ್ಟು ಯಾತಕ್ಕೆ?

ಅವನು ಬೆಳೆದ ರೀತಿ ನೋಡಿ. ಎಣ್ಣೆ ಸಾಗಿಸಲು ರೈಲು ಬೇಕು. ಅವನ ಸರಕು ಜಾಸ್ತಿ, ಹಾಗಾಗಿ ರೈಲು ಕಂಪನಿಗಳು ಗುಟ್ಟಾಗಿ ಅವನಿಗೆ ಬಾಡಿಗೆಯಲ್ಲಿ ರಿಯಾಯಿತಿ ಕೊಡುತ್ತಿದ್ದವು. 1872ರಲ್ಲಿ ಇದಕ್ಕಿಂತ ಮುಂದೆ ಹೋದ ಒಂದು ಯೋಜನೆ ಸಿದ್ಧವಾಯಿತು. ಎದುರಾಳಿಗಳು ಕಟ್ಟುವ ಬಾಡಿಗೆಯಲ್ಲೂ ಒಂದು ಪಾಲು ಇವರ ಜೇಬಿಗೇ ಬರಬೇಕು! ಅಂದರೆ ನಿಮ್ಮ ಪ್ರತಿಸ್ಪರ್ಧಿ ಒಂದು ಲಾರಿ ಸಿಮೆಂಟು ತರಿಸಿದಾಗಲೆಲ್ಲ ಲಾರಿಯವನು ನಿಮಗೆ ದುಡ್ಡು ಕೊಟ್ಟಂತೆ. ಸುದ್ದಿ ಹೊರಬಿದ್ದು ದೊಡ್ಡ ಗಲಾಟೆಯಾಯಿತು, ಯೋಜನೆ ಜಾರಿಗೆ ಬರಲೇ ಇಲ್ಲ. ಆದರೆ ಆ ಕೆಲವೇ ವಾರಗಳಲ್ಲಿ ಕ್ಲೀವ್‌ಲೆಂಡ್ ನಗರದ 26 ಎಣ್ಣೆ ಶುದ್ಧೀಕರಣ ಘಟಕಗಳಲ್ಲಿ 22 ಘಟಕಗಳು ತಮ್ಮನ್ನು ಅವನಿಗೆ ಮಾರಿಕೊಂಡಿದ್ದವು. ಇನ್ನು ಇವನ ಎದುರು ನಿಲ್ಲಲಾಗದು ಎಂಬ ಭಯ.

ಗಿರಾಕಿಗೆ ಅವತ್ತಿನ ಎಣ್ಣೆ ಅಗ್ಗವೇ ಇತ್ತು. ಹಾಳಾದದ್ದು ಬೇರೆಯವರು ಒಳಗೆ ಬರುವ ದಾರಿ. 1911ರ ಮೇ 15ರಂದು ಅಮೆರಿಕದ ಸುಪ್ರೀಂ ಕೋರ್ಟ್ ಆ ಕಂಪನಿಯನ್ನು ಒಡೆಯಲು ಹೇಳಿತು. ಅದು 34 ಕಂಪನಿಗಳಾಯಿತು. ತಮಾಷೆ ಎಂದರೆ, ಒಡೆದ ಮೇಲೆ ಷೇರುಗಳ ಬೆಲೆ ಏರಿ ರಾಕ್‌ಫೆಲರ್ ಮೊದಲಿಗಿಂತ ದೊಡ್ಡ ಶ್ರೀಮಂತನಾದ.

ಇನ್ನೊಂದು ಸಂಗತಿಯನ್ನು ನಿಮ್ಮ ಸಂಘದ ದೃಷ್ಟಿಯಿಂದ ಹೇಳಲೇಬೇಕು. ದೊಡ್ಡವರಿಗಾಗಿ ಮಾಡಿದ ಆ ಕಾಯ್ದೆಯ ಬಿಸಿ ಆರಂಭದ ವರ್ಷಗಳಲ್ಲೇ ಸಣ್ಣವರಿಗೂ ಬಲವಾಗಿ ತಟ್ಟಿತು. 1894ರಲ್ಲಿ ರೈಲ್ವೆ ನೌಕರರು ಮುಷ್ಕರ ಹೂಡಿದಾಗ, ಸೇರಿಕೊಂಡು ವ್ಯಾಪಾರಕ್ಕೆ ಅಡ್ಡಿ ಮಾಡುತ್ತಿದ್ದಾರೆ ಎಂದು ಇದೇ ಕಾಯ್ದೆ ತೋರಿಸಿ ತಡೆಯಾಜ್ಞೆ ತಂದರು. ಕಾರ್ಮಿಕರ ದುಡಿಮೆ ಮಾರುವ ಸರಕಲ್ಲ ಎಂದು ಕಾಯ್ದೆಯಲ್ಲೇ ಬರೆಯಲು 1914ರವರೆಗೆ ಕಾಯಬೇಕಾಯಿತು. ಸೇರಿಕೊಂಡು ಮಾಡುವುದು ಎಂಬ ಮಾತಿಗೆ ದೊಡ್ಡವರು, ಸಣ್ಣವರು ಎಂಬ ಭೇದ ಅಷ್ಟಾಗಿ ಇಲ್ಲ.

ಈಗ ನಿಮ್ಮ ಜಿಲ್ಲೆಗೇ ಬರೋಣ. ಬ್ಯಾಡಗಿ ಮಾರುಕಟ್ಟೆಗೆ ರೈತನೊಬ್ಬ ಮೆಣಸಿನಕಾಯಿ ಚೀಲ ತಂದು ಹಾಕಿದ್ದಾನೆ ಅಂದುಕೊಳ್ಳಿ. ಹತ್ತು ಖರೀದಿದಾರರು ತಮ್ಮ ತಮ್ಮ ಬೆಲೆ ಬರೆಯಬೇಕು. ಒಬ್ಬನಿಗೆ ಇನ್ನೊಬ್ಬ ಎಷ್ಟು ಬರೆಯುತ್ತಾನೆ ಅಂತ ಗೊತ್ತಿಲ್ಲ. ಆ ಗೊತ್ತಿಲ್ಲದಿರುವುದೇ ರೈತನ ಬಲ. ಹಿಂದಿನ ರಾತ್ರಿ ಹತ್ತೂ ಜನ ಒಂದು ಕಡೆ ಚಹಾ ಕುಡಿದು, ನಾಳೆ ಇಷ್ಟರ ಮೇಲೆ ಬರೆಯೋದು ಬೇಡ, ಇವತ್ತು ನಿನಗೆ, ನಾಳೆ ನನಗೆ ಅಂತ ಮಾತಾಡಿಕೊಂಡರೆ? ಮರುದಿನ ಟೆಂಡರ್ ನಡೆಯುತ್ತದೆ, ಹತ್ತು ಬೆಲೆಗಳೂ ಬೀಳುತ್ತವೆ. ಕಾಗದದ ಮೇಲೆ ಎಲ್ಲ ಸರಿ. ಆದರೆ ಅಲ್ಲಿ ನಡೆದದ್ದು ವ್ಯಾಪಾರ ಅಲ್ಲ, ನಾಟಕ. ಆ ಹತ್ತು ಜನರಲ್ಲಿ ಒಬ್ಬನೂ ಕೋಟ್ಯಧೀಶನಾಗಿರಬೇಕಿಲ್ಲ. ಸಣ್ಣ ವ್ಯಾಪಾರಿಗಳೇ ಇರಬಹುದು. ರೈತನಿಗೆ ಬಿದ್ದ ಪೆಟ್ಟು ಮಾತ್ರ ಒಂದೇ.

ಕಾಯ್ದೆ ತಡೆಯಲು ನೋಡುವುದು ಇದನ್ನೇ. ಒಬ್ಬರ ವಿರುದ್ಧ ಒಬ್ಬರು ಪೈಪೋಟಿ ಮಾಡಬೇಕಾದವರು ಒಳಗೊಳಗೇ ಕೈ ಕುಲುಕುವುದು ಒಂದು ತಪ್ಪು. ಆಗಲೇ ಮಾರುಕಟ್ಟೆಯನ್ನು ಹಿಡಿದು ಕೂತವನು ತನ್ನ ಬಲ ಬಳಸಿ ಬೇರೆಯವರಿಗೆ ಬಾಗಿಲು ಹಾಕುವುದು ಇನ್ನೊಂದು. ದೊಡ್ಡ ಕಂಪನಿಗಳು ಒಂದನ್ನೊಂದು ಕೊಳ್ಳುವ ಮೊದಲು ಅನುಮತಿ ಪಡೆಯಬೇಕು ಎಂಬ ಮೂರನೆಯದೂ ಒಂದಿದೆ. ಅದು ನಿಮಗೂ ನನಗೂ ಸಂಬಂಧಿಸಿದ್ದಲ್ಲ, ಬಿಟ್ಟುಬಿಡೋಣ.

ದೊಡ್ಡದಾಗುವುದೇ ತಪ್ಪು ಎಂಬಂಥ ಕಾಯ್ದೆಯೂ ನಮ್ಮ ದೇಶದಲ್ಲಿ ಒಂದು ಕಾಲಕ್ಕೆ ಇತ್ತು. 1969ರ ಎಂಆರ್‌ಟಿಪಿ ಕಾಯ್ದೆ. 20 ಕೋಟಿ ರೂಪಾಯಿಗಿಂತ ಹೆಚ್ಚು ಆಸ್ತಿ ಇರುವ ಉದ್ಯಮ ತನ್ನ ಕಾರ್ಖಾನೆ ವಿಸ್ತರಿಸಬೇಕಾದರೆ ದೆಹಲಿಯ ಒಪ್ಪಿಗೆ ಬೇಕಿತ್ತು. ಸಂಪತ್ತು ಕೆಲವರ ಕೈಯಲ್ಲೇ ಸೇರಬಾರದು ಎಂಬ ಒಳ್ಳೆಯ ಉದ್ದೇಶ, ನಮ್ಮ ಸಂವಿಧಾನದ 39ನೇ ವಿಧಿಯಲ್ಲಿರುವ ಮಾತು. ಆದರೆ ಆದದ್ದೇನು? ಆಗಲೇ ಲೈಸೆನ್ಸು ಇದ್ದವನು ನೆಮ್ಮದಿಯಾಗಿದ್ದ. ಅವನೆದುರು ಬಂದು ನಿಲ್ಲಬಲ್ಲವನು ಕಚೇರಿ ಅಲೆಯುತ್ತಿದ್ದ. ಸ್ಕೂಟರಿಗೆ ದುಡ್ಡು ಕಟ್ಟಿ ವರ್ಷಗಟ್ಟಲೆ ಕಾದ ತಲೆಮಾರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1991ರಲ್ಲಿ ಆ ಭಾಗ ಹೋಯಿತು. ರಾಘವನ್ ಸಮಿತಿಯ ವರದಿ ಬಂತು, ಅದರ ಮೇಲೆ 2002ರ ಸ್ಪರ್ಧಾ ಕಾಯ್ದೆ ಬಂತು. ಅದರ ಮುಖ್ಯ ಭಾಗಗಳು ಜಾರಿಗೆ ಬಂದದ್ದು 2009ರ ಮೇ 20ರಂದು. ನೋಡಿಕೊಳ್ಳುವುದು ಭಾರತೀಯ ಸ್ಪರ್ಧಾ ಆಯೋಗ. ಪೇಪರಿನಲ್ಲಿ ಸಿಸಿಐ ಅಂತ ಬರುತ್ತದಲ್ಲ, ಅದೇ. ಪೈಪೋಟಿಯನ್ನು ಉಳಿಸುವುದು, ಗ್ರಾಹಕರ ಹಿತ ಕಾಯುವುದು, ಬೇರೆಯವರಿಗೂ ವ್ಯಾಪಾರ ಮಾಡುವ ಸ್ವಾತಂತ್ರ್ಯ ಇರುವಂತೆ ನೋಡಿಕೊಳ್ಳುವುದು ಎಂದು ಕಾಯ್ದೆಯ ಪೀಠಿಕೆಯಲ್ಲೇ ಇದೆ. ಸಣ್ಣ ಅಂಗಡಿಯನ್ನು ಕಾಪಾಡುವುದು ಎಂದು ಎಲ್ಲೂ ಇಲ್ಲ.

ಗೂಗಲ್ ವಿಷಯವೂ ಹೀಗೇ. ಅದು ದೊಡ್ಡದು ಅಂತ ದಂಡ ಬೀಳಲಿಲ್ಲ. 2022ರ ಅಕ್ಟೋಬರಿನಲ್ಲಿ ಸಿಸಿಐ 1,337.76 ಕೋಟಿ ರೂಪಾಯಿ ದಂಡ ಹಾಕಿದ್ದಕ್ಕೆ ಮುಖ್ಯ ಕಾರಣಗಳಲ್ಲಿ ಒಂದು, ಆಂಡ್ರಾಯ್ಡ್ ಫೋನು ತಯಾರಿಸುವವರು ಗೂಗಲ್‌ನ ಆ್ಯಪ್‌ಗಳ ಇಡೀ ಗಂಟನ್ನೇ ಹಾಕಿಕೊಳ್ಳಬೇಕು ಎಂಬ ಷರತ್ತು. ಗೊಬ್ಬರದ ಅಂಗಡಿಯಲ್ಲಿ ಯೂರಿಯಾ ಕೇಳಿದರೆ ಜೊತೆಗೆ ಬೇಡದ ಇನ್ನೊಂದು ಡಬ್ಬಿಯನ್ನೂ ತಗೊಳ್ಳಿ ಅನ್ನುತ್ತಾರಲ್ಲ, ರೈತರು ಲಿಂಕ್ ಮಾಡ್ತಾರೆ ಅಂತ ಬೈಯುವುದು ಅದನ್ನೇ. ಬೇಕಾದ ಸರಕು ಒಬ್ಬನ ಕೈಯಲ್ಲೇ ಇದ್ದಾಗ ಮಾತ್ರ ಈ ಆಟ ನಡೆಯುತ್ತದೆ.

ಸರಿ, ನಿಮ್ಮ ಸಿಮೆಂಟಿಗೆ ಬರುತ್ತೇನೆ. ಎಲ್ಲ ಕಂಪನಿಗಳೂ ಒಂದೇ ವಾರದಲ್ಲಿ ಬೆಲೆ ಏರಿಸಿದವು ಅನ್ನೋದೊಂದೇ ಸಾಕ್ಷಿಯಾದರೆ ಕೇಸು ನಿಲ್ಲುವುದಿಲ್ಲ. ನಿಮ್ಮೂರ ಬಸ್ ಸ್ಟ್ಯಾಂಡಿನಲ್ಲಿ ಒಬ್ಬ ಚಹಾಕ್ಕೆ ಎರಡು ರೂಪಾಯಿ ಏರಿಸಿದರೆ ಪಕ್ಕದವನೂ ಮರುದಿನ ಏರಿಸುತ್ತಾನೆ. ಮಾತಾಡಿಕೊಂಡೇ ಮಾಡಿದರು ಎನ್ನಲಾಗದು, ನೋಡಿಕೊಂಡು ಮಾಡಿರಬಹುದು. ಕಲ್ಲಿದ್ದಲು, ಡೀಸೆಲ್ ತುಟ್ಟಿಯಾದರೆ ಎಲ್ಲರಿಗೂ ಒಂದೇ ಸಲ ತಟ್ಟುತ್ತದೆ. ಕಾಯ್ದೆ ಹುಡುಕುವುದು ಒಪ್ಪಂದವನ್ನು. ಆದರೆ ಒಪ್ಪಂದ ಅಂದರೆ ಛಾಪಾ ಕಾಗದ ಬೇಕಿಲ್ಲ. ಬಾಯಿಮಾತು, ಕಣ್ಸನ್ನೆ, ಒಳ ತಿಳಿವಳಿಕೆ, ಎಲ್ಲವೂ ಅದರಲ್ಲಿ ಬರುತ್ತದೆ.

ಸಿಮೆಂಟಿನಲ್ಲಿ ಇದು ಒಮ್ಮೆ ಆಗಿಯೂ ಇದೆ. ಕಟ್ಟಡ ಗುತ್ತಿಗೆದಾರರ ಸಂಘಟನೆಯಾದ ಬಿಲ್ಡರ್ಸ್ ಅಸೋಸಿಯೇಷನ್ ಆಫ್ ಇಂಡಿಯಾ ದೂರು ಕೊಟ್ಟಿತ್ತು. ವಿಚಾರಣೆ ನಡೆಸಿದ ಸಿಸಿಐ 2012ರ ಜೂನ್‌ನಲ್ಲಿ 11 ಕಂಪನಿಗಳಿಗೆ ಸುಮಾರು 6,300 ಕೋಟಿ ರೂಪಾಯಿ ದಂಡ ಹಾಕಿತು. ಬೆಲೆ ಒಟ್ಟಿಗೆ ಏರಿದ್ದನ್ನಷ್ಟೇ ಅದು ನೋಡಲಿಲ್ಲ. ಕಂಪನಿಗಳು ತಮ್ಮ ಸಂಘದ ಸಭೆಗಳಲ್ಲಿ ಸೇರುತ್ತಿದ್ದವು. ಬೆಲೆ, ಉತ್ಪಾದನೆಯ ಲೆಕ್ಕ ಸಂಘದ ಮೂಲಕ ಎಲ್ಲರಿಗೂ ಸಿಗುತ್ತಿತ್ತು. ಬೇಡಿಕೆ ಇದ್ದರೂ ಕಾರ್ಖಾನೆಗಳು ಪೂರ್ತಿ ಓಡುತ್ತಿರಲಿಲ್ಲ. ಇವೆಲ್ಲವನ್ನೂ ಜೋಡಿಸಿ ನೋಡಿ ಇದು ಕಾರ್ಟೆಲ್, ಅಂದರೆ ಪೈಪೋಟಿ ಬಿಟ್ಟು ಒಳಗೊಳಗೇ ಕೈಜೋಡಿಸಿದವರ ಕೂಟ, ಎಂದಿತು. ಮೇಲ್ಮನವಿಯಲ್ಲಿ ವಿಧಾನದ ತಪ್ಪು ಎಂದು ಆದೇಶ ವಾಪಸ್ ಬಂತು. ಸಿಸಿಐ 2016ರಲ್ಲಿ ಮತ್ತೆ ಕೇಳಿ ಮತ್ತೆ ದಂಡ ಹಾಕಿತು. 2018ರಲ್ಲಿ ಮೇಲ್ಮನವಿ ನ್ಯಾಯಮಂಡಳಿ ಅದನ್ನು ಎತ್ತಿಹಿಡಿಯಿತು. ಕಂಪನಿಗಳು ಸುಪ್ರೀಂ ಕೋರ್ಟಿಗೆ ಹೋದವು. ವರ್ಷಗಳ ಲೆಕ್ಕ ಹಾಕಿ ನೋಡಿ. ಈ ಕಾಯ್ದೆಯ ಮೇಲೆ ನನ್ನ ದೊಡ್ಡ ಸಿಟ್ಟು ಇದೇ, ಅದರ ನಡಿಗೆ ಎತ್ತಿನ ಗಾಡಿಯದು.

ಗುಟ್ಟಿನ ಮಾತನ್ನು ಹೊರಗೆ ಎಳೆಯಲು ಕಾಯ್ದೆಯಲ್ಲಿ ಒಂದು ಚಂದದ ಉಪಾಯ ಇದೆ. ಮೊದಲು ಬಂದು ಬಾಯಿಬಿಟ್ಟವನಿಗೆ ದಂಡ ಪೂರ್ತಿ ಮಾಫಿಯಾಗಬಹುದು. ಬಿಯರ್ ಕಂಪನಿಗಳ ಕೇಸಿನಲ್ಲಿ ಆದದ್ದು ಅದೇ. ಒಂದು ಕಂಪನಿಯನ್ನು ವಿದೇಶದ ದೊಡ್ಡ ಕಂಪನಿ ಕೊಂಡುಕೊಂಡಿತು. ಹೊಸ ಮಾಲೀಕರೇ ಸಿಸಿಐ ಬಾಗಿಲು ತಟ್ಟಿ ಹಳೆಯ ಒಳ ಮಾತುಕತೆಗಳನ್ನು ಬಿಚ್ಚಿಟ್ಟರು. 2021ರ ಸೆಪ್ಟೆಂಬರಿನಲ್ಲಿ ತೀರ್ಪು ಬಂದಾಗ ಅವರಿಗೆ ಬಿದ್ದದ್ದು ಸೊನ್ನೆ. ಬೆಂಗಳೂರಿನ ಯುನೈಟೆಡ್ ಬ್ರೂವರೀಸ್‌ಗೆ ಸುಮಾರು 752 ಕೋಟಿ, ಕಾರ್ಲ್ಸ್‌ಬರ್ಗ್‌ಗೆ ಸುಮಾರು 121 ಕೋಟಿ. ಬಿಯರ್ ಬೆಲೆ ಏರಿಸಬೇಕಾದರೆ ಸರ್ಕಾರದ ಒಪ್ಪಿಗೆ ಬೇಕು ತಾನೇ, ಇದರಲ್ಲಿ ಪೈಪೋಟಿ ಎಲ್ಲಿಂದ ಬಂತು ಎಂದು ನೀವು ಕೇಳಬಹುದು. ಒಪ್ಪಿಗೆಗೆ ಎಷ್ಟು ಬೆಲೆ ಬರೆದುಕೊಡಬೇಕು ಅನ್ನೋದನ್ನೇ ಅವರು ಮಾತಾಡಿಕೊಳ್ಳುತ್ತಿದ್ದರು. ಅಷ್ಟೇ ಅಲ್ಲ, ಹಳೆಯ ಖಾಲಿ ಬಾಟಲಿಗಳನ್ನು ಎಷ್ಟಕ್ಕೆ ವಾಪಸ್ ಕೊಳ್ಳಬೇಕು ಅನ್ನೋದರಲ್ಲೂ ಎರಡು ಕಂಪನಿಗಳ ಒಳ ಮಾತಿತ್ತು. ನಮ್ಮ ಬ್ಯಾಡಗಿ ಉದಾಹರಣೆಯಂತೆ ಅಲ್ವಾ? ಮೆಣಸಿನಕಾಯಿ ಬದಲು ಬಾಟಲಿ.

ಈಗ ನಿಮ್ಮ ಸಂಘ. ನಮ್ಮ ಉದ್ದೇಶ ಒಳ್ಳೆಯದು, ನಾವು ಬದುಕಬೇಕಲ್ಲ ಎಂದು ನೀವು ಹೇಳುತ್ತೀರಿ. ಇದೇ ಮಾತು ಬೆಂಗಳೂರಿನಲ್ಲಿ ಬಹಳ ದೊಡ್ಡ ದನಿಯಲ್ಲಿ ಕೇಳಿಬಂದಿತ್ತು. ಡಬ್ಬಿಂಗ್ ವಿಷಯದಲ್ಲಿ.

ಕನ್ನಡಕ್ಕೆ ಬೇರೆ ಭಾಷೆಯ ಸಿನಿಮಾ ಡಬ್ ಮಾಡಬಾರದು ಎಂಬ ಕಟ್ಟುಪಾಡು ದಶಕಗಳ ಕಾಲ ಇತ್ತಲ್ಲ, ಅದು ಸರ್ಕಾರದ ಕಾನೂನು ಎಂದೇ ಎಷ್ಟೋ ಜನ ನಂಬಿದ್ದರು. ಅಲ್ಲ. ಅಂಥ ಕಾನೂನು ಇರಲೇ ಇಲ್ಲ. 1960ರ ದಶಕದ ಚಳವಳಿಯಿಂದ ಬಂದು, ಉದ್ಯಮದ ಸಂಘಗಳು ಕಾಯ್ದುಕೊಂಡು ಬಂದ ಕಟ್ಟುಪಾಡು ಅದು. ಚಳವಳಿಗೆ ಅವತ್ತು ಕಾರಣವಿತ್ತು. ಮದ್ರಾಸಿನ ಸ್ಟುಡಿಯೊಗಳ ನೆರಳಿನಲ್ಲಿ ಕನ್ನಡ ಚಿತ್ರರಂಗ ಕಣ್ಣು ಬಿಡುತ್ತಿದ್ದ ಕಾಲ. ಡಬ್ ಆದ ಚಿತ್ರಗಳೇ ತುಂಬಿಕೊಂಡರೆ ನಮ್ಮ ಕಲಾವಿದರು, ತಂತ್ರಜ್ಞರು ಎಲ್ಲಿ ಹೋಗಬೇಕು ಎಂಬ ಆತಂಕ ಸುಳ್ಳಾಗಿರಲಿಲ್ಲ. ಆದರೆ ಐವತ್ತು ವರ್ಷ ಕಳೆದರೂ ಕಟ್ಟು ಸಡಿಲವಾಗಲಿಲ್ಲ. ಮಕ್ಕಳ ಕಾರ್ಟೂನನ್ನೂ, ಪ್ರಾಣಿಗಳ ಬಗ್ಗೆ ಒಂದು ಸಾಕ್ಷ್ಯಚಿತ್ರವನ್ನೂ ಕನ್ನಡದಲ್ಲಿ ನೋಡಲು ದಾರಿ ಇರಲಿಲ್ಲ.

2012ರಲ್ಲಿ ಕನ್ನಡ ಗ್ರಾಹಕರ ಕೂಟ ಎಂಬ ಸಂಸ್ಥೆ ಸಿಸಿಐಗೆ ದೂರು ಕೊಟ್ಟಿತು. ಅವರ ವಾದದ ಚಂದ ನೋಡಿ. ಅವರು ಸಂಸ್ಕೃತಿಯ ಜಗಳಕ್ಕೆ ಹೋಗಲಿಲ್ಲ. ನಾವು ಗಿರಾಕಿಗಳು, ನಮಗೆ ನಮ್ಮ ಭಾಷೆಯಲ್ಲಿ ಸರಕು ಬೇಕು, ಮಾರುವವರೂ ಇದ್ದಾರೆ, ನಡುವೆ ನಿಂತವರು ಯಾರು ಎಂದು ಕೇಳಿದರು. 2015ರ ಜುಲೈನಲ್ಲಿ ಸಿಸಿಐ ತೀರ್ಪು ಕೊಟ್ಟಿತು. ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿ, ನಿರ್ಮಾಪಕರ ಸಂಘ, ಟೆಲಿವಿಷನ್ ಅಸೋಸಿಯೇಷನ್ ಸೇರಿ ಡಬ್ಬಿಂಗ್ ತಡೆದದ್ದು ಸ್ಪರ್ಧಾ ಕಾಯ್ದೆಗೆ ವಿರುದ್ಧ ಎಂದಿತು. ಮಂಡಳಿಗೆ ಸುಮಾರು 16.82 ಲಕ್ಷ ರೂಪಾಯಿ ದಂಡ, ಉಳಿದ ಎರಡಕ್ಕೆ ಎರಡೆರಡು ಲಕ್ಷಕ್ಕಿಂತ ಕಡಿಮೆ. ಸಿಮೆಂಟಿನ ಮುಂದೆ ಇದು ಪುಡಿಗಾಸು. ತೀರ್ಪಿನ ತೂಕ ಮಾತ್ರ ದೊಡ್ಡದು. ಪಶ್ಚಿಮ ಬಂಗಾಳದಲ್ಲೂ ಇದೇ ಬಗೆಯ ಜಗಳ ನಡೆದಿತ್ತು. ಹಿಂದಿ ಧಾರಾವಾಹಿಯೊಂದನ್ನು ಬಂಗಾಳಿಗೆ ಡಬ್ ಮಾಡಿ ತೋರಿಸಬಾರದು ಎಂದು ಅಲ್ಲಿನ ಕಲಾವಿದರ, ತಂತ್ರಜ್ಞರ ಸಮಿತಿ ಚಾನೆಲ್‌ಗಳನ್ನು ತಡೆದಿತ್ತು. ಅದು ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2017ರ ಮಾರ್ಚಿನಲ್ಲಿ ಕೋರ್ಟ್ ಸಿಸಿಐ ಹೇಳಿದ್ದೇ ಸರಿ ಎಂದಿತು.

ಮೂಲ ಕನ್ನಡ ಚಿತ್ರಗಳು ಉಳಿಯಬೇಕು ಎಂಬುದರಲ್ಲಿ ನನಗೂ ಎರಡು ಮಾತಿಲ್ಲ. ಆದರೆ ಗಿರಾಕಿಗೆ ಬೇರೆ ದಾರಿ ಮುಚ್ಚಿ ಉಳಿಸುವುದು ಎಷ್ಟು ದಿನ? ಆಮೇಲೆ ಏನಾಯಿತು ಅಂತ ನೀವೂ ನೋಡಿದ್ದೀರಿ. ಕನ್ನಡದಲ್ಲಿ ತಯಾರಾದ ಚಿತ್ರಗಳೇ ಹಿಂದಿಗೆ, ತೆಲುಗಿಗೆ ಡಬ್ ಆಗಿ ದೇಶವೆಲ್ಲ ಓಡಿದವು. ಬಾಗಿಲಿಗೆ ಎರಡು ಬದಿ ಇರುತ್ತದೆ.

ಔಷಧ ವ್ಯಾಪಾರಿಗಳ ಸಂಘಗಳ ಕಥೆ ನಿಮಗೆ ಇನ್ನೂ ಹತ್ತಿರ. ಹೊಸ ಸ್ಟಾಕಿಸ್ಟ್ ಒಬ್ಬನಿಗೆ ಔಷಧ ಕಂಪನಿ ಸರಕು ಕೊಡಬೇಕಾದರೆ ಮೊದಲು ಸಂಘದ ಎನ್‌ಒಸಿ ತರಬೇಕು ಎಂಬ ಪದ್ಧತಿ ಹಲವು ರಾಜ್ಯಗಳಲ್ಲಿ ಬೇರೂರಿತ್ತು. ನಮ್ಮ ರಾಜ್ಯದ ಔಷಧ ವ್ಯಾಪಾರಿಗಳ ಸಂಘದ ಮೇಲೂ ಇಂಥ ದೂರು ಬಂದು, 2016ರಲ್ಲಿ ಸಿಸಿಐ ಇದು ತಪ್ಪು ಎಂದು ಹೇಳಿ ದಂಡ ಹಾಕಿತು. ಇವರ್ಯಾರೂ ರಾಕ್‌ಫೆಲರ್ ಅಲ್ಲ. ಗಲ್ಲಾಪೆಟ್ಟಿಗೆಯ ಹಿಂದೆ ಕೂರುವ ನಿಮ್ಮಂಥವರೇ.

ನಿಮ್ಮ ಠರಾವು ಇದಕ್ಕಿಂತಲೂ ಬೆತ್ತಲೆಯಾಗಿದೆ. ಒಂದೇ ಸರಕು ಮಾರುವವರು ಸೇರಿ ಬೆಲೆ ಕಟ್ಟುವುದು ಕಾಯ್ದೆಯ 3ನೇ ಸೆಕ್ಷನ್ನಿನ ಮುಖ್ಯ ಗುರಿ. ಇಂಥದ್ದರಿಂದ ಮಾರುಕಟ್ಟೆಗೆ ಹಾನಿಯಾಯಿತು ಎಂದು ದೂರುದಾರ ತೋರಿಸಬೇಕಾಗಿಯೂ ಇಲ್ಲ. ಹಾನಿ ಇದೆ ಎಂದೇ ಕಾಯ್ದೆ ಹಿಡಿದುಕೊಳ್ಳುತ್ತದೆ. ಇಲ್ಲ ಎಂದು ನೀವು ತೋರಿಸಬೇಕು. ದಂಡದ ಮಿತಿಯನ್ನೂ ಕೇಳಿ. ಲಾಭದ ಮೂರು ಪಟ್ಟು ಅಥವಾ ವಹಿವಾಟಿನ ನೂರಕ್ಕೆ ಹತ್ತು, ಯಾವುದು ಜಾಸ್ತಿಯೋ ಅಲ್ಲಿಯವರೆಗೆ, ಅದೂ ಒಪ್ಪಂದ ನಡೆದ ಪ್ರತಿ ವರ್ಷಕ್ಕೆ. ನಿಮ್ಮ ವ್ಯಾಪಾರದಲ್ಲಿ ವಹಿವಾಟು ದೊಡ್ಡದು, ಉಳಿಯುವುದು ಚೀಲಕ್ಕೆ ನಾಲ್ಕಾರು ರೂಪಾಯಿ. ವಹಿವಾಟಿನ ಹತ್ತು ಪಾಲು ಅಂದರೆ ನಿಮ್ಮ ಎಷ್ಟು ವರ್ಷದ ಲಾಭ ಅಂತ ನಿಮಗೇ ಗೊತ್ತು. ದೆಹಲಿಯಿಂದ ನಾಳೆಯೇ ಯಾರೂ ನಿಮ್ಮೂರಿಗೆ ಬರುವುದಿಲ್ಲ, ನಿಜ. ಆದರೆ ದೂರು ಕೊಡಲು ಯಾರಿಗೂ ಅಡ್ಡಿಯಿಲ್ಲ. ಮನೆ ಕಟ್ಟಿಸುತ್ತಿರುವ ಮೇಷ್ಟ್ರು ಕೊಡಬಹುದು. ಆ ದೊಡ್ಡ ಮಳಿಗೆಯವರೇ ಕೊಡಬಹುದು! ಅವರ ಕೈಯಲ್ಲಿ ವಕೀಲರು ಇರುತ್ತಾರೆ.

ಹಾಗಾದರೆ ಆ ಮಳಿಗೆಗೆ ಹೇಳುವವರು ಕೇಳುವವರು ಯಾರೂ ಇಲ್ಲವೇ? ಕೊಂಡ ಬೆಲೆಗಿಂತ ಕಡಿಮೆಗೆ ಮಾರಿ ಎದುರಾಳಿಯನ್ನು ಮುಗಿಸುವುದನ್ನು ಕಾಯ್ದೆ ತಪ್ಪು ಎನ್ನುತ್ತದೆ. ಆದರೆ ಒಂದು ಷರತ್ತು. ಹಾಗೆ ಮಾಡುವವನು ಆ ಮಾರುಕಟ್ಟೆಯಲ್ಲಿ ಆಗಲೇ ಪ್ರಬಲನಾಗಿರಬೇಕು. ಹೊಸದಾಗಿ ಬಂದವನು ನಷ್ಟ ಮಾಡಿಕೊಂಡು ಮಾರಿದರೆ ಅದನ್ನು ಪೈಪೋಟಿ ಎಂದೇ ನೋಡುತ್ತಾರೆ.

2015ರ ಸುಮಾರಿಗೆ ಬೆಂಗಳೂರಿನಲ್ಲಿ ಓಲಾ, ಊಬರ್ ಟ್ಯಾಕ್ಸಿಗಳು ಆಟೋಗಿಂತ ಅಗ್ಗವಾಗಿದ್ದವು. ಚಾಲಕರಿಗೆ ಕೈತುಂಬ ಇನ್ಸೆಂಟಿವ್. ಹಳೆಯ ಟ್ಯಾಕ್ಸಿ ಕಂಪನಿಗಳು ಸಿಸಿಐಗೆ ಹೋಗಿ, ಓಲಾ ನಷ್ಟಕ್ಕೆ ಓಡಿಸಿ ನಮ್ಮನ್ನು ಮುಗಿಸುತ್ತಿದೆ ಎಂದವು. ತನಿಖೆ ನಡೆಯಿತು. 2017ರ ಜುಲೈನಲ್ಲಿ ಸಿಸಿಐ ಹೇಳಿದ್ದು ಇಷ್ಟು. ಊಬರ್ ಇಷ್ಟು ಬಲವಾಗಿ ಎದುರಿಗೆ ಇರುವಾಗ ಬೆಂಗಳೂರಿನಲ್ಲಿ ಓಲಾ ಪ್ರಬಲ ಎನ್ನಲಾಗದು, ಪ್ರಬಲ ಅಲ್ಲದಿದ್ದ ಮೇಲೆ ಕಡಿಮೆ ದರ ತಪ್ಪಲ್ಲ. ಅದೇ ವರ್ಷ ಜೂನ್‌ನಲ್ಲಿ ಜಿಯೊ ಮೇಲೆ ಏರ್‌ಟೆಲ್ ಕೊಟ್ಟ ದೂರಿಗೂ ಇದೇ ಗತಿಯಾಗಿತ್ತು. ಆಗ ಜಿಯೊ ಗಿರಾಕಿಗಳ ಪಾಲು ಶೇ 7ನ್ನೂ ಮುಟ್ಟಿರಲಿಲ್ಲ.

ಆ ಎರಡೂ ತೀರ್ಪುಗಳು ಕಾಯ್ದೆಯ ಅಕ್ಷರಕ್ಕೆ ಸರಿಯಾಗೇ ಇವೆ. ಅವತ್ತು ಗಿರಾಕಿಗೂ ಹಬ್ಬ. ಆದರೂ ನನಗೆ ಪೂರ್ತಿ ಸಮಾಧಾನ ಇಲ್ಲ. ಹಬ್ಬ ಮುಗಿದ ಮೇಲೆ ಎಷ್ಟು ಮೊಬೈಲ್ ಕಂಪನಿಗಳು ಉಳಿದವು, ಈಗ ಮಳೆ ಬಂದ ಸಂಜೆ ಟ್ಯಾಕ್ಸಿ ದರ ಎಷ್ಟು ಎಂದು ನೋಡಿದರೆ, ಬೆಳೆದು ನಿಂತವನನ್ನು ಹಿಡಿಯುವಷ್ಟು ಚೆನ್ನಾಗಿ ಬೆಳೆಯುತ್ತಿರುವವನನ್ನು ಈ ಕಾಯ್ದೆ ನೋಡುವುದಿಲ್ಲ ಅನ್ನಿಸುತ್ತದೆ. 2019ರಲ್ಲಿ ಸುಪ್ರೀಂ ಕೋರ್ಟೂ ದೆಹಲಿಯ ಊಬರ್ ಕೇಸಿನಲ್ಲಿ, ಪ್ರತಿ ಟ್ರಿಪ್ಪಿಗೆ 204 ರೂಪಾಯಿ ನಷ್ಟ ಮಾಡಿಕೊಂಡು ಓಡಿಸುತ್ತಾರೆ ಎಂಬ ದೂರಿದ್ದ ಮೇಲೆ ತನಿಖೆಯಾದರೂ ನಡೆಯಲಿ ಎಂದಿತ್ತು. ನಿಮ್ಮೂರಿನ ಮಳಿಗೆಯದು ಇನ್ನೂ ಆ ಹಂತಕ್ಕೆ ಬಂದಿಲ್ಲ. ಅದರ ಬೆಲೆ ಪಟ್ಟಿ, ಬಿಲ್ಲು, ಜಾಹೀರಾತು ಎಲ್ಲ ತಾರೀಖಿನ ಸಮೇತ ಎತ್ತಿಟ್ಟುಕೊಳ್ಳಿ. ನಾಳೆ ಉಳಿದ ಅಂಗಡಿಗಳು ಮುಚ್ಚಿ, ಅದು ಬೆಲೆ ಏರಿಸಲು ಶುರುಮಾಡಿದರೆ ಆ ಕಾಗದಗಳಿಗೆ ಬೆಲೆ ಬರುತ್ತದೆ.

ಸಂಘವನ್ನೇ ಮುಚ್ಚಿ ಅಂತ ಹೇಳುತ್ತಿಲ್ಲ. ಜಿಎಸ್‌ಟಿ ಗೋಳು, ಲಾರಿ ನಿಲ್ಲಿಸಲು ಜಾಗ, ಪುರಸಭೆಯ ಲೈಸೆನ್ಸು, ಬ್ಯಾಂಕಿನ ಸಾಲ, ಇವನ್ನೆಲ್ಲ ಸೇರಿ ಮಾತಾಡಿ, ಸೇರಿ ಹೋರಾಡಿ. ನಾಲ್ಕಾರು ಸಣ್ಣ ಅಂಗಡಿಯವರು ಕೂಡಿ ಬಹಿರಂಗವಾಗಿ ಒಂದು ಲೋಡು ತರಿಸಿ ಸಗಟು ದರ ಪಡೆಯುವುದಕ್ಕೂ ಸಾಮಾನ್ಯವಾಗಿ ತಕರಾರಿಲ್ಲ. ತಂದ ಮೇಲೆ ಯಾರು ಎಷ್ಟಕ್ಕೆ ಮಾರುತ್ತಾರೆ ಅನ್ನೋದು ಅವರವರ ಗಲ್ಲಾಪೆಟ್ಟಿಗೆಯ ವಿಷಯ. ಅದು ಸಭೆಗೆ ಬರಬಾರದು. ವಾಟ್ಸಾಪ್ ಗ್ರೂಪಿಗೂ ಬರಬಾರದು. ಸಿಮೆಂಟು ಕಂಪನಿಯವರೇ ಇದಕ್ಕಿಂತ ಕಡಿಮೆಗೆ ಮಾರಿದರೆ ಡೀಲರ್‌ಶಿಪ್ ಕಿತ್ತುಕೊಳ್ಳುತ್ತೇವೆ ಅಂದರೆ ಆ ಮೆಸೇಜು ಅಳಿಸಬೇಡಿ. ಡೀಲರುಗಳು ಗಿರಾಕಿಗೆ ಕೊಡುವ ರಿಯಾಯಿತಿಗೆ ಕಡಿವಾಣ ಹಾಕಿದ್ದಕ್ಕೆ 2021ರಲ್ಲಿ ಮಾರುತಿ ಸುಜುಕಿಗೆ ಸಿಸಿಐ 200 ಕೋಟಿ ರೂಪಾಯಿ ದಂಡ ಹಾಕಿತ್ತು.

ಕೊನೆಗೆ ಆ ಠರಾವು ಪುಸ್ತಕ. ಹಾಳೆ ಹರಿಯುವ ಯೋಚನೆ ಮಾಡಬೇಡಿ. ಹರಿದ ಹಾಳೆಯ ಕಥೆ ಇದ್ದ ಹಾಳೆಗಿಂತ ಕೆಟ್ಟದಾಗಿ ಕಾಣುತ್ತದೆ. ಈ ವಾರವೇ ಸಭೆ ಕರೆಯಿರಿ. ಹಿಂದಿನ ಬೆಲೆ ಠರಾವನ್ನು ರದ್ದು ಮಾಡಿದ್ದೇವೆ, ಇನ್ನು ಪ್ರತಿಯೊಬ್ಬರೂ ತಮ್ಮ ಬೆಲೆಯನ್ನು ತಾವೇ ತೀರ್ಮಾನಿಸಲು ಸ್ವತಂತ್ರರು ಎಂದು ಅದೇ ಪುಸ್ತಕದಲ್ಲಿ, ಮುಂದಿನ ಹಾಳೆಯಲ್ಲಿ ಬರೆಸಿ ಎಲ್ಲರ ಸಹಿ ಹಾಕಿಸಿ. ಒಪ್ಪದೆ ಯಾರಾದರೂ ತಕರಾರು ತೆಗೆದರೆ, ನೀವು ವಿರೋಧಿಸಿದ್ದನ್ನು ಬರೆಸಿ ಎದ್ದು ಬನ್ನಿ. ಅದರ ಒಂದು ಪ್ರತಿ ನಿಮ್ಮ ಮನೆಯಲ್ಲಿರಲಿ, ಅಂಗಡಿಯಲ್ಲಿ ಬೇಡ.